ಸೂಕ್ಷ್ಮದರ್ಶಕದ ಎಲ್ಲೆ: ವರ್ಧನದಿಂದ ಪೃಥಕ್ಕರಣದವರೆಗೆ

ಕ್ರಿ. ಶ. 1665ರಲ್ಲಿ ಯೂರೋಪಿನ ಎರಡು ನಗರಗಳಿಂದ ಎರಡು ಗ್ರಂಥಗಳು ಹೊರಬಂದುವು. ಲಂಡನ್ನಿನಲ್ಲಿ ಅಚ್ಚಾದುದು ರಾಬರ್ಟ್ ಹುಕ್ಕನ ‘ಮೈಕ್ರೊಗ್ರಾಫಿಯಾ’. ಚಿಗಟ, ಹೇನು, ನೊಣದ ಕಣ್ಣು, ಸೂಜಿಯ ಮೊನೆ ಮೊದಲಾದುವನ್ನು ಹಿಗ್ಗಿಸಿ ತೋರಿಸಿದ ಅದರ ಚಿತ್ರಗಳು ವಿದ್ವಾಂಸರನ್ನೂ ಸಾಮಾನ್ಯ ವಾಚಕರನ್ನೂ ಸಮಾನವಾಗಿ ಬೆರಗುಗೊಳಿಸಿದುವು. ಸೀಸೆಯ ಬಿರಡೆಯ ತೆಳುಚೂರಿನಲ್ಲಿ ಕಂಡ ಪುಟ್ಟ ಗೂಡುಗಳಿಗೆ ಹುಕ್ ಇಟ್ಟ ಹೆಸರೇ ಇಂದಿನ ‘ಜೀವಕೋಶ’ವೆಂಬ ಪರಿಭಾಷೆಗೆ ಮೂಲ. ಇನ್ನೊಂದು ಗ್ರಂಥ ಇಟಲಿಯ ಬೊಲೋನ್ಯಾ ನಗರದ್ದು. ಎರಡು ವರ್ಷ ಹಿಂದೆ ತೀರಿಕೊಂಡಿದ್ದ ಫ್ರಾಂಚೆಸ್ಕೊ ಮರಿಯಾ ಗ್ರಿಮಾಲ್ಡಿ ಎಂಬ ಜೆಸುಯಿಟ್ ಪಾದ್ರಿಯ ಕೃತಿ. ಕತ್ತಲೆಕೋಣೆಯೊಳಕ್ಕೆ ಸಣ್ಣ ರಂಧ್ರದಿಂದ ಬಿಟ್ಟ ಸೂರ್ಯನ ಬೆಳಕಿನಲ್ಲಿ ಒಂದು ವಸ್ತುವನ್ನು ಹಿಡಿದಾಗ ಅದರ ನೆರಳಿನ ಅಂಚಿನಲ್ಲಿ ಬಣ್ಣದ ಪಟ್ಟೆಗಳು ಮೂಡುವುದನ್ನೂ, ಬೆಳಕು ಸರಳರೇಖೆಯನ್ನು ಬಿಟ್ಟು ಅತ್ತಿತ್ತ ಹರಡುವುದನ್ನೂ ಈತ ಕಂಡಿದ್ದನು. ಅದಕ್ಕೆ ಅವನು ಕೊಟ್ಟ ಲ್ಯಾಟಿನ್ ಹೆಸರು ‘ಡಿಫ್ರಾಕ್ಷಿಯೊ’, ಎಂದರೆ ಒಡೆದು ಚೆದರುವಿಕೆ. ಕನ್ನಡದ ಪಠ್ಯಗಳಲ್ಲಿ ಇದನ್ನೇ ‘ವಿವರ್ತನೆ’ ಎನ್ನುವರು.

ಸೂಕ್ಷ್ಮದರ್ಶಕವು ಏನನ್ನು ತೋರಿಸಬಲ್ಲುದೆಂಬುದನ್ನು ಹುಕ್ಕನ ಗ್ರಂಥ ಸಾರಿತು. ಅದು ಏನನ್ನು ಎಂದಿಗೂ ತೋರಿಸಲಾರದೆಂಬುದರ ಕಾರಣ ಗ್ರಿಮಾಲ್ಡಿಯ ಗ್ರಂಥದಲ್ಲಿ ಅಡಗಿತ್ತು. ಈ ಎರಡು ಸಂಗತಿಗಳು ಒಂದನ್ನೊಂದು ಸಂಧಿಸಲು 208 ವರ್ಷ ಬೇಕಾಯಿತು. ಅಷ್ಟು ಕಾಲ ಹಿಡಿದುದಕ್ಕೆ ಗಾಜಿನ ದೋಷ, ಕುಶಲಕರ್ಮಿಯ ಕೈಯ ದೋಷಗಳಷ್ಟೇ ಕಾರಣವಲ್ಲ. ಕೇಳಬೇಕಾದ ಪ್ರಶ್ನೆಯೇ ತಪ್ಪಾಗಿತ್ತು. ‘ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ?’ ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು.

ಸೂಕ್ಷ್ಮದರ್ಶಕಕ್ಕೆ ಅದರ ಯೂರೋಪೀಯ ಹೆಸರು ಬಂದುದು 1625ರಲ್ಲಿ. ಇಟ್ಟವನು ರೋಮಿನ ಲಿಂಚೈ ಪರಿಷತ್ತಿನ ಸದಸ್ಯನಾದ ಜೊವಾನ್ನಿ ಫಾಬೆರ್. ಅದಕ್ಕೆ ಮೊದಲು ಗೆಲಿಲಿಯೊ ತನ್ನ ಉಪಕರಣವನ್ನು ‘ಓಕ್ಯಾಲಿನೊ’, ಅಂದರೆ ಪುಟ್ಟ ಕನ್ನಡಕ, ಎಂದು ಕರೆಯುತ್ತಿದ್ದನು. ‘ಲೆನ್ಸ್’ ಎಂಬುದು ಲ್ಯಾಟಿನ್ನಿನಲ್ಲಿ ಒಂದು ಬೇಳೆಕಾಳಿನ ಹೆಸರು. ಆ ಕಾಳಿನಂತೆ ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಗಾಜಿಗೆ ಅದೇ ಹೆಸರಾಯಿತು. ಭಾರತೀಯ ಭಾಷೆಗಳಿಗಾಗಿ ಪರಿಭಾಷೆ ಕಟ್ಟಿದವರು ಅದೇ ಕಾಳಿನ ಸಂಸ್ಕೃತ ಹೆಸರನ್ನು ಎತ್ತಿಕೊಂಡು ‘ಮಸೂರ’ ಎಂದರು. ಮೈಸೂರು ಸೀಮೆಯಲ್ಲಿ ಚನ್ನಂಗಿಯೆಂದು ಹೇಳುವ ಬೇಳೆಯನ್ನು ಮುಂಬಯಿ ಪುಣೆಗಳ ಕಿರಾಣಿ ಅಂಗಡಿಯಲ್ಲಿ ಮಸೂರವೆಂದೇ ಕೇಳಿ ಕೊಳ್ಳುವ ಕನ್ನಡಿಗರಿಗೆ ಈ ಪದದ ಹುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದಗಳು ಹೀಗೆ ಸುಲಭವಾಗಿ ಹುಟ್ಟಿಕೊಂಡುವು. ಅವುಗಳ ಹಿಂದಿನ ಭಾವನೆಗಳು ಅಷ್ಟು ಸುಲಭವಾಗಿ ಸ್ಪಷ್ಟವಾಗಲಿಲ್ಲ.

ಹುಕ್ ಬಳಸಿದುದು ಸಂಯುಕ್ತ ಸೂಕ್ಷ್ಮದರ್ಶಕ. ವಸ್ತುವಿನ ಹತ್ತಿರದ ವಸ್ತುಮಸೂರವು ಒಂದು ಬಿಂಬವನ್ನು ಮೂಡಿಸಿದರೆ ಕಣ್ಣಿನ ಬಳಿಯ ನೇತ್ರಮಸೂರವು ಅದನ್ನು ಮತ್ತೆ ಹಿಗ್ಗಿಸುವುದು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವನ್‌ಹುಕ್ ಆರಿಸಿಕೊಂಡ ದಾರಿ ಬೇರೆ. ಗುಂಡುಸೂಜಿಯ ತಲೆಯಷ್ಟು ಚಿಕ್ಕದಾದ ಒಂದೇ ಮಸೂರವನ್ನು ಎರಡು ಲೋಹದ ತಗಡುಗಳ ನಡುವೆ ಕೂರಿಸಿ, ಕಣ್ಣಿಗೆ ಅಂಟಿಸಿಕೊಂಡಂತೆ ಹಿಡಿದು ಅವನು ನೋಡುತ್ತಿದ್ದನು. ಊಟ್ರೆಕ್ಟ್ ನಗರದಲ್ಲಿ ಉಳಿದುಬಂದಿರುವ ಅವನ ಒಂದು ಉಪಕರಣದ ವರ್ಧನ ಸುಮಾರು 266 ಪಟ್ಟು. ಅದು ಬಿಡಿಸಿ ತೋರಿಸುವ ಅಂತರ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ಸ್ವಲ್ಪವೇ ಹೆಚ್ಚು. ಏಷ್ಯದಿಂದ ಹಡಗಿನಲ್ಲಿ ಬಂದ ಮೆಣಸಿನ ಕಾಳಿಗೆ ಖಾರವೆಲ್ಲಿಂದ ಬಂದಿತೆಂದು ತಿಳಿಯಲು ಅವನು ಮೆಣಸನ್ನು ನೀರಿನಲ್ಲಿ ನೆನೆಹಾಕಿದನು. ಖಾರದ ಕಾರಣ ಸಿಕ್ಕಲಿಲ್ಲ. ಬದಲಾಗಿ ಆ ನೀರಿನಲ್ಲಿ ಅತಿ ಸಣ್ಣ ಜೀವಿಗಳು ಹೊರಳಾಡುತ್ತಿದ್ದುವು. 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅವನು ಬರೆದ ಪತ್ರದಿಂದ ಬ್ಯಾಕ್ಟೀರಿಯಗಳ ಕಥೆ ಆರಂಭವಾಗುತ್ತದೆ. ಮರುವರ್ಷ ಹುಕ್ ತಾನೇ ಪರೀಕ್ಷಿಸಿ ಅದು ನಿಜವೆಂದನು.

ಒಂದೇ ಮಸೂರದಲ್ಲಿ ಬಿಂಬ ಹೆಚ್ಚು ನಿಚ್ಚಳವೆಂದು ಹುಕ್ ತನ್ನ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದನು. ಆದರೆ ಅದು ಕಣ್ಣಿಗೆ ಆಯಾಸ. ಸಂಯುಕ್ತ ಉಪಕರಣದಲ್ಲಿ ನೋಡುವುದು ಸುಖಕರ, ಬಿಂಬ ಮಾತ್ರ ಮಸಕು. ಇದಕ್ಕೆ ಕಾರಣ ಎರಡು. ಬೇರೆ ಬೇರೆ ಬಣ್ಣದ ಕಿರಣಗಳನ್ನು ಗಾಜು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಬಿಂಬದ ಸುತ್ತ ಬಣ್ಣದ ಅಂಚು ಹುಟ್ಟುತ್ತದೆ, ಇದು ವರ್ಣವಿಪಥನ. ಮಸೂರದ ನಡುವಿನಲ್ಲಿ ಹಾಯುವ ಕಿರಣಗಳೂ ಅಂಚಿನಲ್ಲಿ ಹಾಯುವ ಕಿರಣಗಳೂ ಒಂದೇ ಬಿಂದುವಿನಲ್ಲಿ ಕೂಡದಿರುವುದು ಗೋಳೀಯ ವಿಪಥನ. ಎರಡು ಮಸೂರಗಳನ್ನು ಸೇರಿಸಿದಾಗ ಮೊದಲನೆಯದರ ದೋಷವನ್ನು ಎರಡನೆಯದು ಹಿಗ್ಗಿಸಿ ತೋರಿಸುತ್ತಿತ್ತು. ಕಸುಬುದಾರರಿಗೆ ತಿಳಿದ ಮದ್ದು ಒಂದೇ: ಮಸೂರದ ಮುಂದೆ ಸಣ್ಣ ತೂತಿನ ತಗಡೊಂದನ್ನಿಟ್ಟು ಅಂಚಿನ ಕಿರಣಗಳನ್ನು ತಡೆಯುವುದು. ಬಿಂಬ ಆಗ ನೋಡಲು ಅಚ್ಚುಕಟ್ಟಾಗುವುದು. ಆ ಪುಟ್ಟ ತೂತು ಬಿಂಬದಿಂದ ಏನನ್ನು ಕಸಿದುಕೊಳ್ಳುತ್ತಿತ್ತೆಂಬುದು ಆ ಶತಮಾನದಲ್ಲಿ ಯಾರಿಗೂ ಹೊಳೆಯಲಿಲ್ಲ. ಈ ಇತಿಹಾಸವೆಲ್ಲವೂ ಒಂದು ರೀತಿಯಲ್ಲಿ ಆ ತೂತಿನ ಇತಿಹಾಸವೇ.

ಮಸೂರದ ವರ್ಣವಿಪಥನವನ್ನು ಕಳೆಯಲು ಸಾಧ್ಯವಿಲ್ಲವೆಂದು ನ್ಯೂಟನ್ ತೀರ್ಮಾನಿಸಿದ್ದನು. ಅವನ ಮಾತಿನ ತೂಕಕ್ಕೆ ಹದಿನೆಂಟನೆಯ ಶತಮಾನದ ಬಹುಭಾಗ ತಲೆಬಾಗಿತು. ಎರಡು ಬಗೆಯ ಗಾಜನ್ನು ಜೋಡಿಸಿ ಆ ದೋಷವನ್ನು ಕಳೆದ ಮಸೂರಕ್ಕೆ ಜಾನ್ ಡಾಲಂಡ್ 1758ರಲ್ಲಿ ಹಕ್ಕುಪತ್ರ ಪಡೆದನಾದರೂ ಅದು ದೂರದರ್ಶಕಕ್ಕಷ್ಟೇ ಒದಗಿತು. ಸೂಕ್ಷ್ಮದರ್ಶಕದ ಎಳ್ಳಿನಷ್ಟು ಮಸೂರಗಳಲ್ಲಿ ಅದನ್ನು ಸಾಧಿಸುವುದು ಕಠಿನವಾಗಿತ್ತು. ಈ ನಡುವೆ ಸೂಕ್ಷ್ಮದರ್ಶಕವು ಶ್ರೀಮಂತರ ದಿವಾನಖಾನೆಯ ಆಟಿಕೆಯಾಗಿ ಉಳಿಯಿತು. ಫ್ರಾನ್ಸಿನ ಶರೀರಶಾಸ್ತ್ರಜ್ಞ ಬಿಶಾ ಅದನ್ನು ನಂಬಲೇ ಇಲ್ಲ. ಅವನ ಅಪನಂಬಿಕೆ ನಿರಾಧಾರವಾಗಿರಲಿಲ್ಲವೆನ್ನುವುದಕ್ಕೆ ಸಾಕ್ಷಿ ಬೇಗನೆ ದೊರೆಯಿತು. 1823ರಲ್ಲಿ ಮಿಲ್ನ್ ಎಡ್ವರ್ಡ್ಸನು ಪ್ರಾಣಿಗಳ ಅಂಗಾಂಶಗಳೆಲ್ಲವೂ ಮಿಲಿಮೀಟರಿನ ಮುನ್ನೂರರಲ್ಲೊಂದು ಭಾಗದಷ್ಟು ವ್ಯಾಸವುಳ್ಳ ಗುಂಡುಗಳಿಂದ ಕಟ್ಟಲ್ಪಟ್ಟಿವೆಯೆಂದು ಸಾರಿದನು. ಸ್ನಾಯುವಾಗಲಿ ನರವಾಗಲಿ ಅವೇ ಗುಂಡುಗಳು! ಇನ್ನೂ ಹಲವರಿಗೆ ಆ ಗುಂಡುಗಳು ಕಂಡುವು. ಅವು ದೇಹದಲ್ಲಿ ಇರಲಿಲ್ಲ, ಮಸೂರದಲ್ಲಿದ್ದುವು.

ಈ ಭ್ರಮೆಯನ್ನು ಹರಿದವನು ವೃತ್ತಿಯಿಂದ ವಿಜ್ಞಾನಿಯಲ್ಲ. ಜೋಸೆಫ್ ಜಾಕ್ಸನ್ ಲಿಸ್ಟರ್ ಲಂಡನ್ನಿನ ದ್ರಾಕ್ಷಾಮದ್ಯದ ವ್ಯಾಪಾರಿ. ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಿವಾರಣೆಯ ಪದ್ಧತಿಯನ್ನು ತಂದ ಲಿಸ್ಟರನ ತಂದೆ. ವರ್ಣದೋಷವನ್ನು ಕಳೆದ ಜೋಡಿಮಸೂರಗಳನ್ನು ತಕ್ಕ ದೂರದಲ್ಲಿ ಒಂದರ ಹಿಂದೊಂದು ಇಟ್ಟರೆ ಗೋಳೀಯ ವಿಪಥನವೂ ಕಳೆಯುವುದೆಂಬ ತತ್ತ್ವವನ್ನು ಅವನು ಕಂಡುಹಿಡಿದು 1830ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದಕ್ಕೆ ಮೂರು ವರ್ಷ ಮೊದಲೇ ವೈದ್ಯನಾದ ಥಾಮಸ್ ಹಾಜ್‌ಕಿನ್ನನೊಡಗೂಡಿ ರಕ್ತದ ಕೆಂಪುಕಣಗಳು ಎರಡೂ ಕಡೆ ತಗ್ಗಾದ ಬಿಲ್ಲೆಗಳೆಂದು ತೋರಿಸಿ, ಅಂಗಾಂಶಗಳಲ್ಲಿ ಗುಂಡುಗಳಿಲ್ಲವೆಂದು ಹೇಳಿದ್ದನು. ಲಿಸ್ಟರನ ಕೆಲಸದ ಮುಖ್ಯ ಫಲ ಬಣ್ಣದ ಅಂಚು ಹೋದುದಲ್ಲ. ಅಂಚಿನ ಕಿರಣಗಳು ಇನ್ನು ಶತ್ರುಗಳಲ್ಲವಾದುದರಿಂದ ತೂತನ್ನು ದೊಡ್ಡದು ಮಾಡಲು ಸಾಧ್ಯವಾಯಿತು. ಮಾಡಿದಾಗ ಹಿಂದೆ ಕಾಣದಿದ್ದ ವಿವರಗಳು ಕಂಡುವು. ವರ್ಧನ ಅಷ್ಟೇ ಇದ್ದರೂ ಅಗಲವಾದ ಕೋನದಿಂದ ಬೆಳಕನ್ನು ಪಡೆಯುವ ಮಸೂರ ಹೆಚ್ಚು ತೋರಿಸುತ್ತದೆ. ಇದು ಏಕೆ ಹೀಗೆಂದು ಯಾರೂ ಹೇಳಲಾರರಾಗಿದ್ದರು. ಆದರೂ ಹೊಸ ಮಸೂರಗಳು ಜೀವಶಾಸ್ತ್ರದ ಕೈಗೆ ಬಂದುವು. 1838-39ರಲ್ಲಿ ಶ್ಲೈಡೆನ್ ಮತ್ತು ಶ್ವಾನ್ ಜೀವಕೋಶ ಸಿದ್ಧಾಂತವನ್ನು ಮಂಡಿಸಿದರು.

ಕಾರಣ ತಿಳಿಯದ ಕಡೆ ಪಂದ್ಯ ಹುಟ್ಟುವುದು ಸಹಜ. ಡಯಾಟಮ್ ಎಂಬ ನೀರಿನ ಸಸ್ಯಗಳ ಗಾಜಿನಂಥ ಚಿಪ್ಪುಗಳ ಮೇಲೆ ಅತಿ ನಿಕಟವಾದ ಗೆರೆಗಳಿರುತ್ತವೆ. ಕೆಲವು ಜಾತಿಗಳಲ್ಲಿ ಗೆರೆಯಿಂದ ಗೆರೆಗೆ ಅರ್ಧ ಮೈಕ್ರಾನ್, ಇನ್ನು ಕೆಲವದರಲ್ಲಿ ಕಾಲು ಮೈಕ್ರಾನ್ ಅಂತರ. ಯಾರ ಮಸೂರ ಯಾವ ಚಿಪ್ಪಿನ ಗೆರೆಗಳನ್ನು ಬಿಡಿಸಿತೆಂಬುದೇ ವಿಕ್ಟೋರಿಯ ರಾಣಿಯ ಕಾಲದ ಲಂಡನ್ನಿನ ಸೂಕ್ಷ್ಮದರ್ಶಕ ಸಂಘಗಳ ಸಂಜೆಯ ವಿನೋದವಾಯಿತು. ಪೊಮೆರೇನಿಯದ ಫ್ರೀಡ್ರಿಷ್ ನೋಬರ್ಟ್ ವಜ್ರದ ಮೊನೆಯಿಂದ ಗಾಜಿನ ಮೇಲೆ ಗೆರೆ ಕೊರೆದು ಪರೀಕ್ಷಾಫಲಕಗಳನ್ನು ಮಾಡಿ ಮಾರಿದನು. ಅವನ ಹತ್ತೊಂಬತ್ತು ಪಟ್ಟಿಗಳ ಫಲಕದ ಕೊನೆಯ ಪಟ್ಟಿಯಲ್ಲಿ ಗೆರೆಗಳ ನಡುವಣ ದೂರ 0.23 ಮೈಕ್ರಾನಿಗೂ ಕಡಮೆ. 1860ರ ದಶಕದ ಕೊನೆಯಲ್ಲಿ ಅಮೆರಿಕದ ಸೇನಾವೈದ್ಯ ವುಡ್ವರ್ಡ್ ಅದನ್ನೂ ಬಿಡಿಸಿ ಛಾಯಾಚಿತ್ರ ತೆಗೆದನು. ಮಸೂರ ಸುಧಾರಿಸಿದಂತೆಲ್ಲ ನೋಟವೂ ಮುಂದೆ ಸಾಗುವುದು, ಇದಕ್ಕೆ ಕೊನೆಯಿಲ್ಲ ಎಂಬ ನಂಬಿಕೆ ಹರಡಿದುದರಲ್ಲಿ ಆಶ್ಚರ್ಯವಿಲ್ಲ.

ಜರ್ಮನಿಯ ಯೇನಾ ಎಂಬ ಚಿಕ್ಕ ವಿಶ್ವವಿದ್ಯಾನಿಲಯದ ಊರಿನಲ್ಲಿ 1846ರಲ್ಲಿ ಕಾರ್ಲ್ ಜೈಸ್ ಎಂಬ ಯಂತ್ರಕುಶಲನು ಕಾರ್ಖಾನೆಯೊಂದನ್ನು ತೆರೆದಿದ್ದನು. ಸೂಕ್ಷ್ಮದರ್ಶಕಗಳನ್ನು ಮಾಡೆಂದು ಅವನನ್ನು ಪ್ರೇರಿಸಿದವನು ಅದೇ ಊರಿನಲ್ಲಿ ಅಧ್ಯಾಪಕನಾಗಿದ್ದ ಶ್ಲೈಡೆನ್. ಆ ಕಾಲದ ಎಲ್ಲ ಕಾರ್ಖಾನೆಗಳಲ್ಲಿಯೂ ಮಸೂರ ಮಾಡುವ ಪದ್ಧತಿ ಒಂದೇ. ಉಜ್ಜುವುದು, ಜೋಡಿಸುವುದು, ನೋಡುವುದು, ಸರಿಯಿಲ್ಲದಿದ್ದರೆ ಕಳಚಿ ಮತ್ತೆ ಉಜ್ಜುವುದು. ನುರಿತ ಕೈಗೆ ಒಳ್ಳೆಯ ಮಸೂರ ಸಿಕ್ಕೀತು. ಎರಡನೆಯದೂ ಅಂತಹುದೇ ಆದೀತೆಂಬ ಭರವಸೆಯಿರಲಿಲ್ಲ. ಲೆಕ್ಕ ಹಾಕಿ ಮಸೂರ ಮಾಡಬಾರದೇ ಎಂದು ಜೈಸ್ 1866ರಲ್ಲಿ ವಿಶ್ವವಿದ್ಯಾನಿಲಯದ ತರುಣ ಉಪಾಧ್ಯಾಯ ಅರ್ನ್ಸ್ಟ್ ಅಬ್ಬೆಯನ್ನು ಕೇಳಿದನು. ಅಬ್ಬೆ ನೂಲಿನ ಗಿರಣಿಯ ಕಾರ್ಮಿಕನ ಮಗ. ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆ ನಿಂತೇ ದುಡಿಯುತ್ತಿದ್ದ ತಂದೆಯನ್ನು ಅವನು ಬಾಲ್ಯದಲ್ಲಿ ಕಂಡಿದ್ದನು. 1900ರಲ್ಲಿ ಯೇನಾದ ಕಾರ್ಖಾನೆಯಲ್ಲಿ ಎಂಟು ಗಂಟೆಯ ದುಡಿಮೆಯ ನಿಯಮ ಜಾರಿಗೆ ಬಂದುದರ ಹಿಂದೆ ಆ ನೆನಪಿತ್ತು.

ಅಬ್ಬೆಯ ಮೊದಲ ಲೆಕ್ಕ ಸೋತಿತು. ಅಂಚಿನ ಕಿರಣಗಳೇ ದೋಷಕ್ಕೆ ಮೂಲವೆಂಬ ಹಳೆಯ ತರ್ಕವನ್ನೇ ಅನುಸರಿಸಿ ಅವನು ಕಿರಿದಾದ ಕೋನದ, ದೋಷಗಳನ್ನು ಚೆನ್ನಾಗಿ ತಿದ್ದಿದ ಮಸೂರಗಳನ್ನು ರೂಪಿಸಿದನು. ಶಾಸ್ತ್ರದ ಪ್ರಕಾರ ಅವು ಉತ್ತಮ. ನೋಡಿದರೆ ಅಂದಾಜಿನಲ್ಲಿ ಉಜ್ಜಿದ ಅಗಲ ಕೋನದ ಹಳೆಯ ಮಸೂರಗಳೇ ಮೇಲು. ಜೈಸನ ಹಣವೂ ಅಬ್ಬೆಯ ವರ್ಷಗಳೂ ವ್ಯರ್ಥವಾದಂತೆ ತೋರಿದ ಈ ಗಳಿಗೆಯೇ ಸೂಕ್ಷ್ಮದರ್ಶಕದ ಇತಿಹಾಸದಲ್ಲಿ ಅತ್ಯಂತ ಫಲವತ್ತಾದ ಗಳಿಗೆ. ಕಿರಣಗಳನ್ನು ಬರಿಯ ರೇಖೆಗಳೆಂದು ಭಾವಿಸುವ ಜ್ಯಾಮಿತಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬೆಳಕು ಅಲೆಯೆಂಬುದನ್ನು ಯಂಗ್, ಫ್ರೆನೆಲ್, ಫ್ರಾನ್‌ಹೋಫರರು ಅರ್ಧ ಶತಮಾನದ ಹಿಂದೆಯೇ ಸ್ಥಾಪಿಸಿದ್ದರು. ನಕ್ಷತ್ರದ ಬಿಂಬವು ದೂರದರ್ಶಕದಲ್ಲಿ ಬಿಂದುವಾಗಿರದೆ ಪುಟ್ಟ ಬಿಲ್ಲೆಯಾಗಿರುವುದೇಕೆಂದು ಏರಿ 1835ರಲ್ಲಿಯೇ ಲೆಕ್ಕ ಹಾಕಿದ್ದನು. ಖಗೋಳಶಾಸ್ತ್ರಕ್ಕೆ ತಿಳಿದಿದ್ದ ಆ ಸಂಗತಿಯನ್ನು ಸೂಕ್ಷ್ಮದರ್ಶಕದ ಮೇಜಿಗೆ ತಂದವನು ಅಬ್ಬೆ.

ಅವನು ಮಾಡಿದ ಪ್ರಯೋಗ ಇಂದಿಗೂ ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಮಾಡಬಹುದಾದಷ್ಟು ಸರಳ. ನಿಕಟವಾದ ಗೆರೆಗಳುಳ್ಳ ಗಾಜನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಗೆರೆಗಳು ಸ್ಪಷ್ಟವಾಗಿ ಕಾಣುವಂತೆ ಹೊಂದಿಸಬೇಕು. ಅನಂತರ ನೇತ್ರಮಸೂರವನ್ನು ತೆಗೆದು ಬರಿಯ ಕೊಳವೆಯೊಳಗೆ ಇಣುಕಿದರೆ ವಸ್ತುಮಸೂರದ ಹಿಂಬದಿಯಲ್ಲಿ ನಡುವೆ ಒಂದು ಬಿಳಿಯ ಬೆಳಕಿನ ಚುಕ್ಕೆಯೂ ಅದರ ಇಕ್ಕೆಲಗಳಲ್ಲಿ ಬಣ್ಣಬಣ್ಣದ ಚುಕ್ಕೆಗಳ ಸಾಲೂ ಕಾಣುವುವು. ಗೆರೆಗಳಿಂದ ಚೆದರಿದ, ಗ್ರಿಮಾಲ್ಡಿ ಹೆಸರಿಟ್ಟ ಆ ವಿವರ್ತಿತ ಬೆಳಕೇ ಈ ಪಕ್ಕದ ಚುಕ್ಕೆಗಳು. ಗೆರೆಗಳು ಹತ್ತಿರವಾದಷ್ಟೂ ಚುಕ್ಕೆಗಳು ದೂರ ಸರಿಯುವುವು. ಈಗ ಒಂದು ತಗಡಿನಿಂದ ಪಕ್ಕದ ಚುಕ್ಕೆಗಳನ್ನೆಲ್ಲ ಮರೆಮಾಡಿ, ನಡುವಿನದನ್ನು ಮಾತ್ರ ಬಿಟ್ಟು, ನೇತ್ರಮಸೂರವನ್ನು ಮತ್ತೆ ಹಾಕಿ ನೋಡಬೇಕು. ಗೆರೆಗಳು ಮಾಯ! ಗಾಜು ಅಲ್ಲಿಯೇ ಇದೆ, ವರ್ಧನ ಬದಲಾಗಿಲ್ಲ, ಬೆಳಕೂ ಸಾಕಷ್ಟಿದೆ. ಗೆರೆಗಳು ಮಾತ್ರ ಇಲ್ಲ. ನಡುವಿನ ಚುಕ್ಕೆಯೊಡನೆ ಒಂದೊಂದು ಬಿಟ್ಟು ಒಂದೊಂದು ಚುಕ್ಕೆಯನ್ನು ಒಳಬಿಟ್ಟರೆ ಇನ್ನೂ ವಿಚಿತ್ರ: ಇರುವುದಕ್ಕಿಂತ ಎರಡರಷ್ಟು ಗೆರೆಗಳು ಕಾಣುತ್ತವೆ.

ಇದರ ಅರ್ಥ ಗಂಭೀರವಾದುದು. ಸೂಕ್ಷ್ಮದರ್ಶಕದಲ್ಲಿ ಕಾಣುವ ಸೂಕ್ಷ್ಮ ವಿವರವು ವಸ್ತುವಿನ ನೇರ ಪಡಿಯಚ್ಚಲ್ಲ. ವಸ್ತುವಿನಿಂದ ಚೆದರಿ ಮಸೂರದೊಳಕ್ಕೆ ಬಂದ ಅಲೆಗಳು ಮತ್ತೆ ಕೂಡಿ ಕಟ್ಟಿದ ರಚನೆ. ಯಾವ ಅಲೆ ಮಸೂರದ ಅಂಚನ್ನು ದಾಟಿ ಹೊರಗೆ ಹೋಯಿತೋ ಆ ಅಲೆ ಹೊತ್ತ ವಿವರ ಹೋಯಿತು. ಡಯಾಟಮ್ ಚಿಪ್ಪಿನ ಗುರುತುಗಳು ಷಟ್ಕೋನವೋ ವೃತ್ತವೋ ಎಂದು ದಶಕಗಳ ಕಾಲ ಕಾದಾಡಿದವರು ಎಷ್ಟೋ ವೇಳೆ ತಂತಮ್ಮ ಮಸೂರಗಳ ಅಂಚಿನ ಬಗ್ಗೆ ಕಾದಾಡಿದ್ದರು. ಸಣ್ಣ ತೂತಿನ ತಗಡು ಕಸಿದುಕೊಳ್ಳುತ್ತಿದ್ದುದು ಏನೆಂಬುದೂ ಈಗ ತಿಳಿಯಿತು.

1873ರಲ್ಲಿ ಅಬ್ಬೆ ಇದನ್ನು ಸೂಕ್ಷ್ಮ ಅಂಗರಚನಾಶಾಸ್ತ್ರದ ಒಂದು ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಿದನು. ಭೌತವಿಜ್ಞಾನದಲ್ಲಿ ಅಷ್ಟು ಪ್ರಸಿದ್ಧವಾದ ಆ ಲೇಖನದಲ್ಲಿ ಸೂತ್ರವನ್ನು ಹುಡುಕಿದವರಿಗೆ ನಿರಾಶೆಯಾಗುವುದು. ವಾದವೆಲ್ಲ ಮಾತಿನಲ್ಲಿಯೇ ಇದೆ. ಮಸೂರ ಎಷ್ಟೇ ಪರಿಪೂರ್ಣವಾಗಿರಲಿ, ನೀಲಿ ಬೆಳಕಿನ ಅಲೆಯುದ್ದದ ಅರ್ಧಕ್ಕಿಂತ ಗಣನೀಯವಾಗಿ ಚಿಕ್ಕದಾದ ಅಂತರವನ್ನು ಅದು ಬಿಡಿಸಲಾರದು ಎಂಬುದು ಅದರ ಸಾರ. ಮರುವರ್ಷ ಹೆಲ್ಮ್‌ಹೋಲ್ಟ್ಸ್ ಬೇರೊಂದು ದಾರಿಯಿಂದ ಅದೇ ಎಲ್ಲೆಯನ್ನು ತಲುಪಿ, ಅಬ್ಬೆ ತನಗಿಂತ ಮೊದಲಿಗನೆಂದು ಒಪ್ಪಿಕೊಂಡನು. ಸರಿಸುಮಾರು ಅದೇ ಕಾಲದಲ್ಲಿ ನೋಬರ್ಟ್ ಇನ್ನೂ ನಿಕಟವಾದ ಗೆರೆಗಳ ಇಪ್ಪತ್ತು ಪಟ್ಟಿಗಳ ಫಲಕವನ್ನು ಮಾರುಕಟ್ಟೆಗೆ ತಂದನು. ಅದರ ಕೊನೆಯ ಪಟ್ಟಿಯ ಅಂತರ 0.11 ಮೈಕ್ರಾನ್. ಆ ಗೆರೆಗಳನ್ನು ಆ ಕಾಲದ ಯಾವ ಮಸೂರವೂ ಬಿಡಿಸಲಿಲ್ಲ. ಪಂದ್ಯ ಅಲ್ಲಿಗೆ ನಿಂತಿತು.

ಎಲ್ಲೆಯನ್ನು ಅಳೆಯಲು ಹೊಸದೊಂದು ಅಳತೆಗೋಲೂ ಬೇಕಾಯಿತು. ವಸ್ತುವಿನಿಂದ ಹೊರಟ ಬೆಳಕನ್ನು ಮಸೂರವು ಎಷ್ಟು ಅಗಲದ ಕೋನದಲ್ಲಿ ಹಿಡಿಯುವುದೆಂಬುದೇ ಅದುವರೆಗಿನ ಅಳತೆ. ಗಾಳಿಯಲ್ಲಿ ಆ ಕೋನ 180 ಅಂಶಗಳನ್ನು ಮೀರಲಾರದು. ಆದರೆ ವಸ್ತುವಿಗೂ ಮಸೂರಕ್ಕೂ ನಡುವೆ ನೀರಿನ ಹನಿಯನ್ನಿಡುವ ಪದ್ಧತಿಯನ್ನು ಇಟಲಿಯ ಅಮೀಚಿ ರೂಢಿಗೆ ತಂದ ಮೇಲೆ ಗೊಂದಲ ಹುಟ್ಟಿತು. ಹನಿಯಲ್ಲಿ ಮುಳುಗಿದ ಮಸೂರ ಕಡಮೆ ಕೋನದಲ್ಲಿಯೇ ಹೆಚ್ಚು ತೋರಿಸುತ್ತಿತ್ತು. 1870ರ ದಶಕದಲ್ಲಿ ಬಾಸ್ಟನ್ನಿನ ಟಾಲಸ್ ಎಂಬ ಮಸೂರಕಾರನಿಗೂ ಲಂಡನ್ನಿನ ವೆನ್‌ಹ್ಯಾಮನಿಗೂ ಈ ವಿಷಯದಲ್ಲಿ ದೀರ್ಘ ಕಲಹ ನಡೆಯಿತು. ಗಾಜಿನಂಥ ಮಾಧ್ಯಮದಲ್ಲಿ 82 ಅಂಶಗಳಿಗೆ ಮೀರಿದ ಕೋನ ಅಸಾಧ್ಯವೆಂದು ವೆನ್‌ಹ್ಯಾಮ್ ಪಟ್ಟು ಹಿಡಿದನು. ಮೀರಿದ ಮಸೂರವನ್ನು ತಾನು ಮಾಡಿರುವುದಾಗಿ ಟಾಲಸ್ ಹೇಳಿದನು. ಅಬ್ಬೆಯ ಅಳತೆಗೋಲು ಈ ಕಲಹವನ್ನು ಎರಡು ಗುಣಾಕಾರಗಳಲ್ಲಿ ಮುಗಿಸುತ್ತದೆ. ಕೋನದ ಅರ್ಧದ ಸೈನನ್ನು ಮಾಧ್ಯಮದ ವಕ್ರೀಭವನಾಂಕದಿಂದ ಗುಣಿಸಬೇಕು. ಗಾಳಿಯಲ್ಲಿ 180 ಅಂಶದ ಕೋನಕ್ಕೆ ಬರುವ ಅಂಕ 1. ವಕ್ರೀಭವನಾಂಕ 1.515 ಇರುವ ಎಣ್ಣೆಯಲ್ಲಿ ಅದೇ 1 ಎಂಬ ಅಂಕ ಸುಮಾರು 82 ಅಂಶದ ಕೋನದಲ್ಲಿಯೇ ಬಂದುಬಿಡುವುದು. ಅಲ್ಲಿಂದ ಮುಂದೆ ಹೋಗಲು ಪ್ರಕೃತಿಯ ಅಡ್ಡಿಯೇನೂ ಇಲ್ಲ: 134 ಅಂಶದ ಕೋನವಾದರೆ ಅಂಕ 1.39 ಆಗುತ್ತದೆ. ವೆನ್‌ಹ್ಯಾಮ್ ಗೋಡೆಯೆಂದು ತಿಳಿದುದು ಗಾಳಿಯ ಗೋಡೆಯಷ್ಟೇ.

ಈ ಅಂಕಕ್ಕೆ ಕನ್ನಡ ಪಠ್ಯಗಳಲ್ಲಿರುವ ಹೆಸರು ‘ಸಂಖ್ಯಾತ್ಮಕ ದ್ಯುತಿರಂಧ್ರ’. ಯೂರೋಪಿನ ಪದವನ್ನು ಅಕ್ಷರಶಃ ಹಿಂಬಾಲಿಸಿದ ಈ ಹೆಸರಿನಲ್ಲಿ ‘ರಂಧ್ರ’ವು ದಾರಿ ತಪ್ಪಿಸುತ್ತದೆ. ತೂತಿನ ಅಗಲವಲ್ಲ, ಬೆಳಕನ್ನು ಗ್ರಹಿಸುವ ಶಕ್ತಿ ಇಲ್ಲಿಯ ಮಾತು. ಮೂಲಪದವೇ ‘ತೆರಪು’ ಎಂಬ ಅರ್ಥದ್ದಾಗಿದ್ದುದೂ ಹತ್ತೊಂಬತ್ತನೆಯ ಶತಮಾನದ ಕಲಹಕ್ಕೆ ಸ್ವಲ್ಪ ಕಾರಣವೆನ್ನಬೇಕು. ಚಂದ್ರಸೂರ್ಯರ ಗ್ರಹಣದ ನೆನಪು ಅಡ್ಡಬಾರದಿದ್ದರೆ ‘ಗ್ರಹಣಾಂಕ’ವೆಂಬ ಪದ ಹೆಚ್ಚು ಸಮರ್ಪಕವಾದೀತು. ‘ಪೃಥಕ್ಕರಣ ಸಾಮರ್ಥ್ಯ’ವೆಂಬ ಪರಿಭಾಷೆ ಮಾತ್ರ ಮೆಚ್ಚತಕ್ಕುದು. ಎರಡನ್ನು ಎರಡಾಗಿ ಬೇರ್ಪಡಿಸಿ ತೋರಿಸುವುದು ಎಂಬ ಅರ್ಥ ಅದರಲ್ಲಿ ನೇರವಾಗಿದೆ. ಅಲೆಯುದ್ದವನ್ನು ಗ್ರಹಣಾಂಕದ ಎರಡರಷ್ಟರಿಂದ ಭಾಗಿಸಿದರೆ ಬಿಡಿಸಬಹುದಾದ ಕನಿಷ್ಠ ಅಂತರ ಸಿಕ್ಕುವುದು. ಅಬ್ಬೆ ಈ ಸೂತ್ರವನ್ನು ಬರೆದುದು 1882ರಲ್ಲಿ. ಹಸಿರು ಬೆಳಕಿನ ಅಲೆಯುದ್ದ 0.55 ಮೈಕ್ರಾನ್, ಗ್ರಹಣಾಂಕ 1.4 ಆದರೆ ಅಂತರ 0.2 ಮೈಕ್ರಾನಿಗೆ ತುಸು ಕಡಮೆ. ಬರಿಗಣ್ಣು ಆಯಾಸವಿಲ್ಲದೆ ಬಿಡಿಸುವ ಅಂತರ 0.2 ಮಿಲಿಮೀಟರ್ ಎಂದಿಟ್ಟುಕೊಂಡರೆ ಸಾವಿರ ಪಟ್ಟಿನ ವರ್ಧನ ಸಾಕು. ಅದರಾಚೆ ಬಿಂಬ ಹಿಗ್ಗುವುದೇ ಹೊರತು ಹೊಸ ವಿವರ ಬರುವುದಿಲ್ಲ. ಪೊಳ್ಳು ವರ್ಧನವೆಂದು ಅದಕ್ಕೆ ಹೆಸರು. ಮೂರು ಸಾವಿರ, ನಾಲ್ಕು ಸಾವಿರ ಪಟ್ಟು ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ಉಪಕರಣಗಳನ್ನು ಕೊಳ್ಳುವ ಶಾಲೆಗಳು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಪ್ರಕೃತಿ ಹಾಕಿದ ಗೆರೆ ಎಲ್ಲಿದೆಯೆಂದು ತಿಳಿದ ಮೇಲೆ ಕುಶಲಕರ್ಮಿಯ ದುಡಿಮೆಗೆ ಗುರಿ ದೊರೆಯಿತು. ಇಂಗ್ಲೆಂಡಿನ ಸ್ಟೀಫನ್ಸನ್ನನ ಸಲಹೆಯನ್ನು ಹಿಡಿದು ಅಬ್ಬೆ 1878ರಲ್ಲಿ, ಗಾಜಿನಷ್ಟೇ ವಕ್ರೀಭವನಾಂಕವಿರುವ ಸೀಡರ್ ಎಣ್ಣೆಯಲ್ಲಿ ಮುಳುಗುವ ಮಸೂರವನ್ನು ಸಿದ್ಧಗೊಳಿಸಿದನು. ಆಟೊ ಶಾಟ್ ಹೊಸ ಬಗೆಯ ಗಾಜುಗಳನ್ನು ಕರಗಿಸಿ ಕೊಟ್ಟುದರಿಂದ 1886ರಲ್ಲಿ ವರ್ಣದೋಷ ಬಹುಮಟ್ಟಿಗೆ ಅಳಿದ ‘ಅಪೊಕ್ರೊಮ್ಯಾಟ್’ ಮಸೂರಗಳು ಬಂದುವು. ರಾಬರ್ಟ್ ಕಾಖ್ ಎಣ್ಣೆಯ ಮಸೂರವನ್ನೂ ಅಬ್ಬೆಯ ಸಂಗ್ರಾಹಕ ಮಸೂರವನ್ನೂ ಕೂಡಲೇ ಕೈಗೆತ್ತಿಕೊಂಡನು. 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಅವನು ಪ್ರಕಟಿಸಿದ ಕ್ಷಯರೋಗದ ದಂಡಾಣುವಿನ ದಪ್ಪ 0.2ರಿಂದ 0.5 ಮೈಕ್ರಾನ್, ಅಬ್ಬೆಯ ಎಲ್ಲೆಯ ಅಂಚಿನಲ್ಲಿಯೇ ಅದು ಅಡಗಿ ಕುಳಿತಿತ್ತು.

ಭಾರತದಲ್ಲಿ ಆ ಎಣ್ಣೆಯ ಮಸೂರದ ಅತಿ ಪ್ರಸಿದ್ಧ ಬಳಕೆ ನಡೆದುದು ಸಿಕಂದರಾಬಾದಿನಲ್ಲಿ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ ತನ್ನ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನು ಗಮನಿಸಿದ್ದ ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳುಳ್ಳ ಕೋಶಗಳನ್ನು ಕಂಡನು. ಅವನ ಉಪಕರಣದ ತಿರುಪುಗಳಿಗೆ ಹಣೆಯ ಬೆವರಿನಿಂದ ತುಕ್ಕು ಹಿಡಿದಿತ್ತು, ಉಳಿದಿದ್ದ ಒಂದೇ ನೇತ್ರಮಸೂರ ಬಿರುಕುಬಿಟ್ಟಿತ್ತು. ಆದರೆ ಆ ಕೋಶಗಳ ಅಗಲ ಸುಮಾರು 12 ಮೈಕ್ರಾನ್. ರಾಸನಿಗೆ ಎದುರಾದುದು ಬೆಳಕಿನ ಎಲ್ಲೆಯಲ್ಲ, ಎಲ್ಲಿ ನೋಡಬೇಕೆಂಬ ಪ್ರಶ್ನೆ. ಬಿರುಕುಬಿಟ್ಟ ಗಾಜಿನಲ್ಲಿಯೂ ಅದಕ್ಕೆ ಉತ್ತರ ಸಿಕ್ಕಿತು.

ಅಬ್ಬೆಯ ತೀರ್ಪು ಅಂತಿಮವೇ ಎಂಬ ಜಿಜ್ಞಾಸೆ ಮುಂದೆ ಹಲವು ಬಗೆಯಲ್ಲಿ ನಡೆಯಿತು. 1903ರಲ್ಲಿ ಸೀಡೆನ್‌ಟಾಫ್ ಮತ್ತು ಝಿಗ್‌ಮಾಂಡಿ ಪಕ್ಕದಿಂದ ಬೆಳಕು ಹಾಯಿಸಿ, ಎಲ್ಲೆಗಿಂತ ಎಷ್ಟೋ ಚಿಕ್ಕದಾದ ಚಿನ್ನದ ಕಣಗಳನ್ನು ಕತ್ತಲೆಯಲ್ಲಿ ಮಿನುಗುವ ಚುಕ್ಕೆಗಳಂತೆ ತೋರಿಸಿದರು. ಇದು ಎಲ್ಲೆಯ ಉಲ್ಲಂಘನೆಯಲ್ಲ. ವಸ್ತು ಇದೆಯೆಂದು ಕಾಣುವುದು ಬೇರೆ, ಎರಡನ್ನು ಬಿಡಿಸಿ ಕಾಣುವುದು ಬೇರೆ. ಕೋಲರ್ 1904ರಲ್ಲಿ ಅತಿನೇರಿಳೆ ಬೆಳಕನ್ನು ಬಳಸಿ ಅಲೆಯುದ್ದವನ್ನೇ ಕುಗ್ಗಿಸಿದನು. 1931ರಲ್ಲಿ ರುಸ್ಕ ಮತ್ತು ನೋಲ್ ಬೆಳಕನ್ನೇ ಬಿಟ್ಟು ಎಲೆಕ್ಟ್ರಾನುಗಳ ಕಡೆ ತಿರುಗಿದರು.

ಡಚ್ಚರ ಫ್ರಿಟ್ಸ್ ಝೆರ್ನಿಕೆ ತೊಡಗಿದುದು ಬೇರೊಂದು ಸಮಸ್ಯೆಗೆ. ಜೀವಂತ ಕೋಶ ಪಾರದರ್ಶಕ. ಅದು ಬೆಳಕನ್ನು ಹೀರುವುದಿಲ್ಲ, ಹಾಯುವ ಅಲೆಗಳನ್ನು ತುಸು ತಡಮಾಡಿಸುವುದಷ್ಟೆ. ಕಣ್ಣಿಗೆ ಆ ತಡ ತಿಳಿಯದು. ಅಬ್ಬೆಯ ಪ್ರಯೋಗದ ನಡುಚುಕ್ಕೆ ಕೂಡುವ ಜಾಗದಲ್ಲಿಯೇ ಒಂದು ಫಲಕವನ್ನಿಟ್ಟು, ಆ ಬೆಳಕನ್ನು ಕಾಲು ಅಲೆಯಷ್ಟು ಸರಿಸಿದರೆ ತಡವು ಬೆಳಕು ನೆರಳುಗಳಾಗಿ ಮಾರ್ಪಡುವುದೆಂದು ಅವನು ಕಂಡನು. 1932ರಲ್ಲಿ ಅದನ್ನು ಯೇನಾಕ್ಕೆ ಒಯ್ದಾಗ ಅಬ್ಬೆಯ ಉತ್ತರಾಧಿಕಾರಿಗಳು ಉತ್ಸಾಹ ತೋರಲಿಲ್ಲ. ಅಬ್ಬೆಯ ಸಿದ್ಧಾಂತದ ನೇರ ಸಂತಾನವನ್ನು ಅಬ್ಬೆಯ ಮನೆಯಲ್ಲಿಯೇ ಗುರುತಿಸದೆ ಹೋದುದು ವಿಪರ್ಯಾಸ. 1953ರಲ್ಲಿ ಝೆರ್ನಿಕೆಗೆ ನೊಬೆಲ್ ಪಾರಿತೋಷಕ ಸಂದಿತು. ಪಾರದರ್ಶಕ ವಸ್ತುವಿನಿಂದಾಗುವ ವಿವರ್ತನೆಯ ಇನ್ನೊಂದು ಮಹತ್ತ್ವದ ಅಧ್ಯಯನ ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ನಡೆಯಿತು. ದ್ರವದಲ್ಲಿ ಹಾಯುವ ಶ್ರವಣಾತೀತ ಶಬ್ದದ ಅಲೆಗಳು ಬೆಳಕಿಗೆ ಗೆರೆಫಲಕದಂತೆ ವರ್ತಿಸುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು 1935-36ರ ಲೇಖನಗಳಲ್ಲಿ ವಿವರಿಸಿದರು. ಅಲ್ಲಿಯೂ ಗೆರೆಗಳು ಬೆಳಕನ್ನು ತಡೆಯುವುದಿಲ್ಲ, ತಡಮಾಡಿಸುತ್ತವೆ.

ಎಲ್ಲೆಯನ್ನು ಮಾನವನು ಎಂದಾದರೂ ಮೀರಿದರೆ ಅದು ಈಗ ಊಹಿಸಲಾಗದ ಸಾಧನಗಳಿಂದ ಆದೀತು, ಅವಕ್ಕೂ ಸೂಕ್ಷ್ಮದರ್ಶಕಕ್ಕೂ ಹೆಸರೊಂದೇ ಸಮಾನವಾಗಿದ್ದೀತು ಎಂಬ ಅರ್ಥದ ಮಾತನ್ನು ಅಬ್ಬೆಯೇ 1878ರಲ್ಲಿ ಬರೆದಿದ್ದನು. ಆ ಊಹೆ ಅರ್ಧ ನಿಜವಾಯಿತು. 1994ರಲ್ಲಿ ಸ್ಟೆಫಾನ್ ಹೆಲ್ ಮಂಡಿಸಿದ ಉಪಾಯದಲ್ಲಿ ಮಸೂರ ಹಳೆಯದೇ, ಬೆಳಕೂ ಕಾಣುವ ಬೆಳಕೇ. ಒಂದು ಲೇಸರ್ ಚುಕ್ಕೆಯು ವಸ್ತುವಿನಲ್ಲಿ ಸೇರಿಸಿದ ಬಣ್ಣದ ಅಣುಗಳನ್ನು ಹೊಳೆಯುವಂತೆ ಪ್ರಚೋದಿಸುತ್ತದೆ. ಉದ್ದಿನ ವಡೆಯಂತೆ ನಡುವೆ ತೂತುಳ್ಳ ಎರಡನೆಯ ಚುಕ್ಕೆಯು ಸುತ್ತಲಿನ ಅಣುಗಳ ಹೊಳಪನ್ನು ಆರಿಸುತ್ತದೆ. ತೂತಿನೊಳಗಿನವು ಮಾತ್ರ ಹೊಳೆಯುತ್ತ ಉಳಿಯುತ್ತವೆ. ಎರಡು ಬಿಂದುಗಳು ಒಟ್ಟಿಗೆ ಹೊಳೆದರೆ ತಾನೆ ಅವು ಕಲಸಿಹೋಗುವ ಪ್ರಶ್ನೆ? ಎರಿಕ್ ಬೆಟ್‌ಜಿಗ್ ಇನ್ನೊಂದು ದಾರಿ ಹಿಡಿದು ಅಣುಗಳನ್ನು ಕೆಲವು ಕೆಲವಾಗಿ ಬೇರೆ ಬೇರೆ ವೇಳೆಯಲ್ಲಿ ಬೆಳಗಿಸಿ ಒಂದೊಂದರ ಸ್ಥಾನವನ್ನು ಗುರುತು ಹಾಕಿಕೊಂಡನು. ಈ ಇಬ್ಬರಿಗೂ, ಒಂಟಿ ಅಣುವಿನ ಬೆಳಕನ್ನು ಅಧ್ಯಯನ ಮಾಡಿದ ವಿಲಿಯಂ ಮರ್ನರನಿಗೂ 2014ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಬಂದಿತು.

ಯೇನಾದಲ್ಲಿ ಅಬ್ಬೆಯ ಸ್ಮಾರಕದ ಕಲ್ಲಿನ ಮೇಲೆ ಅವನ ಸೂತ್ರವನ್ನು ಕೆತ್ತಲಾಗಿದೆ. ಹೆಲ್ಲನ ಸೂತ್ರದಲ್ಲಿಯೂ ಅಲೆಯುದ್ದ ಅಲ್ಲಿಯೇ ಇದೆ, ಗ್ರಹಣಾಂಕವೂ ಅಲ್ಲಿಯೇ ಇದೆ. ಛೇದದಲ್ಲಿ ಒಂದು ವರ್ಗಮೂಲ ಮಾತ್ರ ಹೊಸದಾಗಿ ಸೇರಿಕೊಂಡಿದೆ. ಹೊಳಪನ್ನು ಆರಿಸುವ ಬೆಳಕಿನ ತೀವ್ರತೆ ಆ ವರ್ಗಮೂಲದೊಳಗಿದೆ. ಆ ಬೆಳಕನ್ನು ಪೂರ್ತಿ ಆರಿಸಿ ತೀವ್ರತೆಯನ್ನು ಸೊನ್ನೆಗೆ ಇಳಿಸಿದರೆ ವರ್ಗಮೂಲದ ಬೆಲೆ ಒಂದಾಗಿ, ಉಳಿಯುವುದು ಕಲ್ಲಿನ ಮೇಲಿರುವ ಸೂತ್ರವೇ.